ಹಿತ್ತಿಲ ಶೆಡ್ಡಿನ ತಳ ಕೈಕೊಟ್ಟಾಗ: ಎಲ್ಲಿ ನೋಡಬೇಕು, ಏನು ಮಾಡಬೇಕು

ನಮ್ಮ ಮನೆ ಮಲೆನಾಡಿನ ಸಾಗರ ಊರಿನ ಕಡೆ. ಹಿತ್ತಿಲಲ್ಲಿ 8 ಅಡಿಗೆ 10 ಅಡಿಯ ಒಂದು ತಗಡಿನ ಶೆಡ್ ಇದೆ. ಗುದ್ದಲಿ, ಹಾರೆ, ಔಷಧಿ ಹೊಡೆಯುವ ಪಂಪು, ಗೊಬ್ಬರದ ಚೀಲ ಎಲ್ಲ ಅದರೊಳಗೇ. ಖರ್ಚು ಜಾಸ್ತಿ ಆಗಬಾರದು ಅಂತ ತಳಕ್ಕೆ ಜಲ್ಲಿ ಹರಡಿ, ಮೇಲೆ ನಾಲ್ಕು ಇಂಚು ಬೆಡ್ ಕಾಂಕ್ರೀಟ್ ಹಾಕಿಸಿದ್ದೆವು. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯಿತು. ಎರಡನೇ ವರ್ಷ ಆರಿದ್ರಾ ಮಳೆ ಹಿಡಿದ ವಾರವೇ ಬಾಗಿಲು ಹಾಕಲು ಬರಲಿಲ್ಲ.

ಅಕ್ಕನ ಮನೆ ನವಲಗುಂದದ ಹತ್ತಿರ, ಪೂರ್ತಿ ಎರೆ ಭೂಮಿ. ಅಲ್ಲಿನ ಶೆಡ್ಡಿನ ಕಾಯಿಲೆ ಬೇರೆಯೇ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಎರಡೂ ಶೆಡ್ಡನ್ನು ಸರಿ ಮಾಡುವಾಗ ಕೈಗೆ ಬಂದ ತಿಳಿವಳಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯ ಮಾತು ಒಂದೇ. ಸಿಮೆಂಟ್ ಕಲಸುವ ಮೊದಲು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. ಬಿರುಕಿಗೆ ಮೇಲಿಂದ ಮೇಲೆ ಸಿಮೆಂಟ್ ಬಳಿದು ನಾವು ಎರಡು ಮಳೆಗಾಲ ಕಳೆದೆವು. ಆ ಸಿಮೆಂಟೂ ಹೋಯಿತು, ಕೂಲಿಯೂ ಹೋಯಿತು.

ಮೊದಲು ಕೈಯಲ್ಲಿ ಇರಬೇಕಾದದ್ದು

ದೊಡ್ಡ ಸಾಮಾನು ಏನೂ ಬೇಡ. ಒಂದು ಅಳತೆ ಟೇಪು, ಹತ್ತು ಅಡಿ ದಾರ, ಒಂದು ರಸಮಟ್ಟ, ಮೊಳೆ, ಪೆನ್ಸಿಲು. ಇದರ ಜೊತೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು ಒಂದು 30 ಅಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಚೂಪು ಮಾಡಿದ ಮೂರಡಿ ಕಬ್ಬಿಣದ ಸರಳೊಂದು ಇದ್ದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಶೆಡ್ಡಿಗೆ ಕರೆಂಟ್ ಎಳೆದಿದ್ದರೆ ಮೊದಲು ಮೇನ್ ಆಫ್ ಮಾಡಿ. ತಗಡು ಮುಟ್ಟಿದಾಗ ಕೈ ಜುಮ್ ಅಂದರೆ ಅದು ತಳದ ದೋಷವಲ್ಲ, ವೈರಿನದು. ಒದ್ದೆ ನೆಲದ ಮೇಲೆ ನಿಂತು ಅಂಥ ಶೆಡ್ಡನ್ನು ಮುಟ್ಟುವುದು ಜೀವಕ್ಕೇ ಅಪಾಯ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ನೋಡಿ ಹೇಳುವವರೆಗೆ ಬೇರೆ ಯಾವ ಕೆಲಸವೂ ಬೇಡ.

ಬಾಗಿಲು ಹಾಕಲು ಬರುತ್ತಿಲ್ಲ, ಚಿಲಕ ಕೂರುತ್ತಿಲ್ಲ

ಬಹಳ ಜನ ಮೊದಲು ಗಮನಿಸುವುದು ಇದನ್ನೇ. ತಳ ಕುಸಿದಿದೆ ಅಂತ ಹೆದರುವ ಮೊದಲು ದುಡ್ಡಿಲ್ಲದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ.

ತಿರುಗಣಿಯ ಸ್ಕ್ರೂ ಸಡಿಲವಾಗಿದೆಯಾ? ಬಾಗಿಲನ್ನು ಕೈಯಲ್ಲಿ ಸ್ವಲ್ಪ ಮೇಲೆತ್ತಿ ನೋಡಿ. ಎತ್ತಿದಾಗ ಅದು ಅಲ್ಲಾಡಿ ಸರಿಯಾಗಿ ಕೂತರೆ ಸ್ಕ್ರೂ ಬಿಗಿ ಮಾಡಿದರೆ ಸಾಕು. ಬಾಗಿಲು ಹಲಗೆಯದಾ? ಹಾಗಾದರೆ ಮಳೆಗಾಲಕ್ಕೆ ಉಬ್ಬಿರಬಹುದು. ಎಲ್ಲಿ ಉಜ್ಜುತ್ತದೋ ಅಲ್ಲಿ ಹೊಳಪು ಗೆರೆ ಕಾಣುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಉಜ್ಜಿದ್ದರೆ ಮರ ಉಬ್ಬಿದೆ ಅಂತ ಅರ್ಥ. ಮೇಲ್ತುದಿಯಲ್ಲಿ ಅಥವಾ ಕೆಳತುದಿಯಲ್ಲಿ ಮಾತ್ರ ಉಜ್ಜಿದ್ದರೆ ಚೌಕಟ್ಟು ವಾಲಿದೆ.

ಚೌಕಟ್ಟು ವಾಲಿದ್ದರೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. 8ಕ್ಕೆ 10 ಅಡಿಯ ಶೆಡ್ಡಿನಲ್ಲಿ ಎರಡೂ ಕರ್ಣ 12 ಅಡಿ 9 ಮುಕ್ಕಾಲು ಇಂಚಿನ ಆಸುಪಾಸು ಇರಬೇಕು. ಒಂದು ಉದ್ದ, ಇನ್ನೊಂದು ಗಿಡ್ಡ ಬಂದರೆ ಚೌಕಟ್ಟು ಮೂಲೆಮಟ್ಟ ತಪ್ಪಿದೆ. ಗೋಡೆಯಲ್ಲೂ ಹೀಗೆಯೇ ಅಡ್ಡಡ್ಡ ಅಳೆದು ನೋಡಿ. ಕರ್ಣ ಸಮ ಇಲ್ಲ ಆದರೆ ನೆಲ ಮಟ್ಟವಾಗಿದೆ ಅಂತಾದರೆ ತಳವನ್ನು ಮುಟ್ಟಬೇಡಿ. ಗೋಡೆಗೆ ಅಡ್ಡಲಾಗಿ ಒಂದು ಪಟ್ಟಿ ಹೊಡೆಸಿದರೆ ಮುಗಿಯಿತು.

ಕರ್ಣ ಸರಿ ಇದ್ದು ರಸಮಟ್ಟದ ಗುಳ್ಳೆ ಒಂದು ಕಡೆಗೆ ಓಡಿದರೆ ಮುಂದಿನ ಭಾಗ ಓದಿ.

ಒಂದು ಮೂಲೆ ಕುಸಿದಿದೆ

ಎರಡಡಿ ರಸಮಟ್ಟವನ್ನು ಪೂರ್ತಿ ನಂಬಬೇಡಿ. ನೆಲದ ಉಬ್ಬುತಗ್ಗಿಗೆ ಅದು ಮೋಸ ಹೋಗುತ್ತದೆ. ನಿಜ ಹೇಳುವುದು ನೀರಿನ ಪೈಪು. ಪೈಪಿಗೆ ನೀರು ತುಂಬಿ, ಒಳಗೆ ಒಂದೂ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಒಬ್ಬರು ಒಂದು ಮೂಲೆಯಲ್ಲಿ, ಇನ್ನೊಬ್ಬರು ಇನ್ನೊಂದು ಮೂಲೆಯಲ್ಲಿ ತುದಿಯನ್ನು ನೇರ ಹಿಡಿಯಬೇಕು. ನೀರು ಅಲ್ಲಾಡುವುದು ನಿಂತ ಮೇಲೆ ನೀರಿನ ಮಟ್ಟದಿಂದ ನೆಲದವರೆಗೆ ಎರಡೂ ಕಡೆ ಅಳೆಯಿರಿ. ಅಳತೆ ಎಲ್ಲಿ ಜಾಸ್ತಿ ಬರುತ್ತದೋ ಆ ಮೂಲೆ ಕೆಳಗಿದೆ.

ನಮ್ಮ ಮನೆಯಲ್ಲಿ ಅಮ್ಮ ಒಂದು ತುದಿ ಹಿಡಿದಿದ್ದರು. ಬಾಗಿಲ ಹತ್ತಿರದ ಮೂಲೆಯಲ್ಲಿ ನಿಂತು ನಾನು ಬಗ್ಗಿ ಅಳೆಯುತ್ತಿದ್ದೆ. ಅಮ್ಮ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಕಡೆಯ ಮೂಲೆಗೆ ಹೋಗುತ್ತಲೇ, "ಈ ಕಡೆ ನೀರು ಮೊಣಕಾಲು ದಾಟಿ ಮೇಲೆ ನಿಂತಿದೆ ಕಣೋ" ಅಂದರು. ಮೂರು ಮೂಲೆಯಲ್ಲಿ 2 ಅಡಿ 1 ಇಂಚು ಬಂದಿತ್ತು. ಅಲ್ಲಿ 2 ಅಡಿ ಎರಡೂವರೆ ಇಂಚು. ಒಂದೂವರೆ ಇಂಚು ಇಳಿದಿತ್ತು. ಅಮ್ಮನೇ ಮತ್ತೆ ಹೇಳಿದರು: "ಇಲ್ಲೇ ಅಲ್ವಾ ನಿನ್ನ ಅಜ್ಜನ ಕಾಲದ ತಿಪ್ಪೆಗುಂಡಿ ಇದ್ದದ್ದು?" ನಮಗೆ ಬೇಕಿದ್ದ ಉತ್ತರ ಅದೇ ಆಗಿತ್ತು. ಮುಚ್ಚಿದ ತಿಪ್ಪೆಗುಂಡಿ, ಕಿತ್ತ ತೆಂಗಿನ ಬುಡ, ತುಂಬಿಸಿದ ಹಳ್ಳ, ಇವೆಲ್ಲ ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತಲೇ ಇರುತ್ತವೆ. ಹಾಗಾಗಿ ಅಳೆಯುವ ಮೊದಲೇ ಮನೆಯ ಹಿರಿಯರನ್ನು ಕೇಳಿ. ಜಾಗದ ಚರಿತ್ರೆ ಅವರಿಗೆ ಗೊತ್ತಿರುತ್ತದೆ.

ಕೇಳಲು ಯಾರೂ ಇಲ್ಲದಿದ್ದರೆ ಸರಳು ಕೇಳಿ. ತಳದ ಪಕ್ಕದಲ್ಲಿ ಅಲ್ಲಲ್ಲಿ ಕೈಯಿಂದ ಒತ್ತಿ ಇಳಿಸಿ. ಗಟ್ಟಿ ನೆಲದಲ್ಲಿ ನಾಲ್ಕೈದು ಇಂಚಿಗೇ ನಿಲ್ಲುತ್ತದೆ. ಬೇರೆ ಮೂಲೆಯಲ್ಲಿ ನಿಂತದ್ದು ಕುಸಿದ ಮೂಲೆಯಲ್ಲಿ ಒಂದು ಅಡಿಗಿಂತ ಕೆಳಗೆ ಸಲೀಸಾಗಿ ಹೋದರೆ ಅಲ್ಲಿ ತುಂಬಿದ ಮಣ್ಣಿದೆ ಅಥವಾ ಮಣ್ಣು ಕೊಚ್ಚಿ ಹೋಗಿದೆ. ನೀರಿನ ಪೈಪು, ಕರೆಂಟಿನ ಕೇಬಲ್ ಹೂತಿರುವ ಜಾಗದಲ್ಲಿ ಮಾತ್ರ ಸರಳು ಚುಚ್ಚಬೇಡಿ.

ಇನ್ನು ರಿಪೇರಿ. ಶೆಡ್ ಕಲ್ಲಿನ ಮೇಲೋ, ಜಂಬಿಟ್ಟಿಗೆಯ ಮೇಲೋ, ಸಾಲಿಡ್ ಬ್ಲಾಕಿನ ಮೇಲೋ ನಿಂತಿದ್ದರೆ ನಿಮ್ಮ ಕೆಲಸ ಸುಲಭ. ಶೆಡ್ ಖಾಲಿ ಮಾಡಿ. ಆ ಮೂಲೆಯನ್ನು ಜಾಕಿನಿಂದ ಸ್ವಲ್ಪವೇ ಎತ್ತಿ, ಪಕ್ಕದಲ್ಲಿ ದಪ್ಪ ಮರದ ದಿಮ್ಮಿ ಆಸರೆ ಕೊಡಿ. ಸಡಿಲ ಮಣ್ಣು ತೆಗೆದು ಗಟ್ಟಿ ನೆಲ ಮುಟ್ಟಿ. 40 ಎಂಎಂ ಜಲ್ಲಿ ಮತ್ತು ಕ್ರಷರ್ ಪುಡಿಯನ್ನು ನಾಲ್ಕು ಇಂಚಿನ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆಯಿರಿ. ಒಂದೇ ಸಲ ಒಂದಡಿ ತುಂಬಿ ಮೇಲೆ ಕುಟ್ಟಿದರೆ ಕೆಳಗಿನ ಅರ್ಧ ಸಡಿಲವೇ ಉಳಿಯುತ್ತದೆ. ಜಾಕ್ ಮೇಲಿರುವಾಗ ಕೈಯನ್ನಾಗಲಿ ಕಾಲನ್ನಾಗಲಿ ಶೆಡ್ಡಿನ ಅಡಿಗೆ ಹಾಕಬೇಡಿ. ಗಾಳಿ ಇರುವ ದಿನ, ನೆಲ ಕೆಸರಾಗಿರುವ ದಿನ ಎತ್ತಲೇಬೇಡಿ.

ಬೆಡ್ ಕಾಂಕ್ರೀಟ್ ಆದರೆ ಬಿರುಕು ಬಿಡದೆ ಅಂಚಿನ ಕೆಳಗೆ ಮಾತ್ರ ಟೊಳ್ಳಾಗಿದೆಯಾ ನೋಡಿ. ಹಾಗಿದ್ದರೆ ಪಕ್ಕದಿಂದ ಅಗೆದು, 1:4:8 ಕಾಂಕ್ರೀಟನ್ನು (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ) ಉಂಡೆ ಕಟ್ಟುವಷ್ಟೇ ನೀರಿನಲ್ಲಿ ಕಲಸಿ ಅಡಿಗೆ ಗಿಡಿದು ತುಂಬಬಹುದು. ಒಂದು ಸಲಕ್ಕೆ ಎರಡಡಿಗಿಂತ ಉದ್ದ ತೆರೆಯಬೇಡಿ. ಅದು ಗಟ್ಟಿಯಾದ ಮೇಲೆ ಮುಂದಿನ ಎರಡಡಿ. ಕುಸಿದ ಮೂಲೆ ಇದರಿಂದ ಮೇಲೆ ಬರುವುದಿಲ್ಲ, ಇನ್ನಷ್ಟು ಇಳಿಯುವುದು ನಿಲ್ಲುತ್ತದೆ. ಮಟ್ಟಕ್ಕೆ ಬೇಕಾದರೆ ಶೆಡ್ಡಿನ ಕಾಲಿನ ಕೆಳಗೆ ಕಬ್ಬಿಣದ ತಗಡಿನ ತುಂಡು ಕೊಟ್ಟು ಬೋಲ್ಟ್ ಬಿಗಿಯಬಹುದು.

ಇಲ್ಲಿ ಕೈ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಕುಸಿದ ಜಾಗದ ಕೆಳಗೆ ಹಳೇ ಬಾವಿ ಅಥವಾ ಪಾಯಿಖಾನೆ ಗುಂಡಿ ಇರಬಹುದು ಅನ್ನಿಸಿದರೆ ದೂರ ಸರಿಯಿರಿ. ಗುಂಡಿ ತೆರೆದು ಇಳಿಯಬೇಡಿ, ಬಗ್ಗಿ ನೋಡಲೂಬೇಡಿ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ಶೆಡ್ ದರೆಯ ಅಂಚಿನಲ್ಲಿದ್ದು ದರೆಯ ಮೇಲೆ ಉದ್ದುದ್ದ ಬಿರುಕು ಕಂಡರೆ, ಅಥವಾ ಪಕ್ಕದ ಕಾಂಪೌಂಡ್ ಗೋಡೆಯೂ ವಾಲುತ್ತಿದ್ದರೆ ಅದು ಶೆಡ್ಡಿನ ಮಾತಲ್ಲ, ಗುಡ್ಡದ ಮಾತು. ಸಾಮಾನು ಹೊರಗೆ ತೆಗೆದು ಇಂಜಿನಿಯರನ್ನು ಕರೆಸಿ.

ನೆಲದಲ್ಲಿ ಬಿರುಕು

ಬಿರುಕು ಕಂಡ ಕೂಡಲೇ ಗಾಬರಿ ಬೇಡ. ಒಂದು ಬೆಂಕಿಕಡ್ಡಿ ತೆಗೆದುಕೊಳ್ಳಿ. ಅದರ ದಪ್ಪ ಸುಮಾರು 2 ಎಂಎಂ.

ಕೂದಲೆಳೆಯಂಥ ಬಿರುಕುಗಳು ಬಲೆಯ ಹಾಗೆ ಹರಡಿದ್ದು, ಕಡ್ಡಿಯ ತುದಿಯೂ ಒಳಗೆ ಹೋಗದಿದ್ದರೆ ಅದು ಕಾಂಕ್ರೀಟ್ ಹಾಕಿದ ದಿನ ಬಿಸಿಲಿಗೆ ಮೇಲ್ಮೈ ಬೇಗ ಒಣಗಿದ್ದರ ಗುರುತು. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಸುಮ್ನೆ ಬಿಟ್ಟುಬಿಡಿ.

ನೆಲದ ನಡುವೆ ಅಡ್ಡಲಾಗಿ ಒಂದೇ ಗೆರೆ ಬಂದಿದ್ದು, ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಕಾಂಕ್ರೀಟ್ ಒಣಗುವಾಗ ಕುಗ್ಗಿದೆ. ನಾಲ್ಕು ಇಂಚು ದಪ್ಪದ ಕಾಂಕ್ರೀಟಿಗೆ 8ರಿಂದ 10 ಅಡಿಗೊಂದು ಜಾಯಿಂಟ್, ಅಂದರೆ ಬೇಕೆಂದೇ ಬಿಡುವ ಸಂದು, ಬಿಡಬೇಕು. ಅದಕ್ಕಿಂತ ಉದ್ದದ ಶೆಡ್ಡಿಗೆ ಬಿಡದೇ ಹೋದರೆ ಕಾಂಕ್ರೀಟ್ ತಾನೇ ತನಗೆ ಬೇಕಾದಲ್ಲಿ ಜಾಯಿಂಟ್ ಮಾಡಿಕೊಳ್ಳುತ್ತದೆ. ಕಸ ತೆಗೆದು ಸೀಲಂಟ್ ತುಂಬಿ. ನೀರು, ಇರುವೆ ಬರದಿದ್ದರೆ ಆಯಿತು.

ಯೋಚಿಸಬೇಕಾದದ್ದು ಮೂರನೆಯ ಜಾತಿ. ಬರಿಗಾಲಲ್ಲಿ ಬಿರುಕಿನ ಮೇಲೆ ನಡೆಯಿರಿ. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಅಂತ ಅಂಗಾಲಿಗೆ ಗೊತ್ತಾದರೆ ತಳ ಮುರಿದು ಇಳಿದಿದೆ. ಬೆಂಕಿಕಡ್ಡಿ ಸಲೀಸಾಗಿ ಇಳಿಯುತ್ತದೆ, ಮೂಲೆಯ ಕಡೆ ಹೋದಂತೆ ಬಿರುಕು ಅಗಲವಾಗುತ್ತದೆ ಅಂದರೂ ಅದೇ ಅರ್ಥ.

ಅದು ಇನ್ನೂ ಬೆಳೆಯುತ್ತಿದೆಯಾ, ಅಲ್ಲೇ ನಿಂತಿದೆಯಾ ಅಂತ ತಿಳಿಯಲು ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಎರಡು ಬದಿಗೂ ಅಂಟುವಂತೆ ಬೆರಳಗಲದ ಸಿಮೆಂಟ್ ಪಟ್ಟಿ ಹಚ್ಚಿ. ಅದು ಒಣಗುವಾಗ ಸೀಳದಂತೆ ಮೂರು ದಿನ ಒದ್ದೆ ಬಟ್ಟೆ ಮುಚ್ಚಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಪಟ್ಟಿ ಒಡೆಯದಿದ್ದರೆ ಕುಸಿತ ನಿಂತಿದೆ. ಆಮೇಲೆ ಬಿರುಕು ತುಂಬಿಸಿ. ಪಟ್ಟಿ ಒಡೆದರೆ ತುಂಬುವುದು ವ್ಯರ್ಥ. ಕೆಳಗಿನ ಮಣ್ಣನ್ನೇ ಸರಿ ಮಾಡಬೇಕು.

ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಂದ ಮೇಲೆ ಮುಚ್ಚುತ್ತದೆ

ಇದು ಎರೆ ಮಣ್ಣಿನ ಸ್ವಭಾವ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು, ಕಲಬುರಗಿಯ ಕಡೆ ಶೆಡ್ ಹಾಕಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿರುವ ತೆಳು ಕಾಂಕ್ರೀಟ್ ಆ ಏರಿಳಿತ ತಡೆಯಲಾರದು.

ಪರೀಕ್ಷೆಗೆ ಖರ್ಚಿಲ್ಲ. ಏಪ್ರಿಲ್‌ನಲ್ಲಿ ಶೆಡ್ಡಿನ ಸುತ್ತ ಬಯಲಲ್ಲಿ ಬಿರುಕು ನೋಡಿ. ಕೈಬೆರಳು ಇಳಿಯುವಷ್ಟು ಅಗಲ ಇದ್ದರೆ ಸಂಶಯವೇ ಬೇಡ. ಬಾಗಿಲು ಬೇಸಿಗೆಯಲ್ಲಿ ಸರಿ ಇದ್ದು ಮಳೆಗಾಲದಲ್ಲಿ ಹಿಡಿಯುತ್ತದೆ, ಅಥವಾ ಇದರ ತಿರುಗಾಮುರುಗಾ ಆಗುತ್ತದೆ ಅಂದರೂ ಇದೇ ಕಾರಣ.

ಅಕ್ಕನ ಮನೆಯಲ್ಲಿ ಗೌಂಡಿ ಬಂದು ನೋಡಿ, "ಇದನ್ನ ಮತ್ತ ಕಾಂಕ್ರೀಟ್ ಮಾಡಬ್ಯಾಡ್ರಿ ಅಕ್ಕಾರ, ಪರಸಿ ಹಾಸೂಣು" ಅಂದರು. ಅವರ ಮಾತು ಸರಿ ಅಂತ ನನಗೂ ಅನ್ನಿಸಿತು. ಎರೆ ಮಣ್ಣನ್ನು ಎರಡಡಿ ತೆಗೆದು ಹೊರಗೆ ಹಾಕಿದರು. ಆ ಜಾಗಕ್ಕೆ ಗರಸು (ಹರಳು ಮಣ್ಣು) ತುಂಬಿದರು. ಆರಾರು ಇಂಚಿಗೆ ನೀರು ಬಿಟ್ಟು ದಮ್ಮಸು ಹೊಡೆದರು. ಮೇಲೆ ಎರಡಿಂಚು ಕ್ರಷರ್ ಪುಡಿ, ಅದರ ಮೇಲೆ ಪರಸಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ. ಕಲ್ಲಿನ ಸಂದಿಗೆ ಸಿಮೆಂಟ್ ಹಾಕಲಿಲ್ಲ, ಪುಡಿಯನ್ನೇ ಗುಡಿಸಿ ತುಂಬಿದರು. ಒಂದು ಕಲ್ಲು ಎದ್ದರೆ ಅದೊಂದನ್ನೇ ಎತ್ತಿ ಅಡಿಗೆ ಪುಡಿ ಹಾಕಿ ಮತ್ತೆ ಕೂರಿಸಬಹುದು. ಎರೆ ಭೂಮಿಯಲ್ಲಿ ಕಡಿಮೆ ಖರ್ಚಿನ ತಳ ಅಂದರೆ ಇದೇ ಅಂತ ನನ್ನ ಅಭಿಪ್ರಾಯ. ಗಟ್ಟಿಯಾಗಿ ನಿಂತು ಒಡೆಯುವುದಕ್ಕಿಂತ ಬೇಕಾದಾಗ ಬಿಚ್ಚಿ ಕೂರಿಸಲು ಬರುವಂಥದ್ದು ಅಲ್ಲಿಗೆ ಒಗ್ಗುತ್ತದೆ.

ಜೊತೆಗೆ ಒಂದು ಕೆಲಸ ಮಾಡಲೇಬೇಕು. ಶೆಡ್ಡಿನ ಸುತ್ತ ಮೂರಡಿ ಅಗಲಕ್ಕೆ ನೀರು ಇಂಗದಂತೆ ಇಳಿಜಾರು ಕೊಡಿ. ಪಕ್ಕದಲ್ಲೇ ಬಾಳೆ ಪಾತಿ ಮಾಡಿ ದಿನಾ ನೀರು ಬಿಟ್ಟರೆ ಒಂದು ಬದಿ ಉಬ್ಬಿಯೇ ಉಬ್ಬುತ್ತದೆ.

ಗೊಬ್ಬರದ ಚೀಲದ ತಳ ಒದ್ದೆ, ನೆಲದ ಮೇಲೆ ಬಿಳಿ ಪುಡಿ

ಯೂರಿಯಾ ಚೀಲ ಎತ್ತಿದರೆ ಕೆಳಗೆ ಕಪ್ಪು ಕಲೆ. ಒಳಗೆ ಯೂರಿಯಾ ಕಲ್ಲಿನಂತೆ ಗಟ್ಟಿ. ಗುದ್ದಲಿ ಕಾವು ಬೂಸಲು. ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು ಅಂದರೆ, ನೆಲದಿಂದ ಬರುವ ನೀರಿಗೂ ಗಾಳಿಯಿಂದ ಬರುವ ನೀರಿಗೂ ವ್ಯತ್ಯಾಸ ನೋಡದೆ ವಾಟರ್‌ಪ್ರೂಫ್ ಡಬ್ಬಿ ತಂದು ಬಳಿಯುವುದು.

ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಹಾಸಿ. ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿ ಹೋಗದಂತೆ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ನೋಡಿದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದು ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಅಡಿ ಒಣಗಿದ್ದು ಹಾಳೆಯ ಮೇಲ್ಭಾಗ ಒದ್ದೆಯಾಗಿದ್ದರೆ ತೇವ ಗಾಳಿಯದು. ಬೆಳಗಿನ ಜಾವ ತಣ್ಣಗಾದ ತಗಡಿಗೆ ಒಳಗಿನ ಬಿಸಿ ಗಾಳಿ ತಾಗಿ ಹನಿ ಕಟ್ಟುತ್ತದೆ, ಅದು ಕೆಳಗೆ ಬೀಳುತ್ತದೆ. ಹಾಗಿದ್ದರೆ ತಳದಲ್ಲಿ ದೋಷವಿಲ್ಲ. ಗೋಡೆಯ ಮೇಲ್ಗಡೆ ಎದುರುಬದುರಾಗಿ ಎರಡು ಕಿಂಡಿ ತೆಗೆದು ಸೊಳ್ಳೆ ಜಾಲರಿ ಹೊಡೆದರೆ ಬಹುಪಾಲು ಸರಿಹೋಗುತ್ತದೆ.

ನೆಲದ ಮೇಲೆ ಬಿಳಿ ಉಪ್ಪಿನಂಥ ಪುಡಿ ಏಳುತ್ತಿದ್ದರೆ ನೀರು ಕೆಳಗಿನಿಂದ ಮೇಲೆ ಬಂದು ಆವಿಯಾಗುತ್ತಿದೆ ಅಂತ ಗ್ಯಾರಂಟಿ. ಮಲೆನಾಡಿನಲ್ಲಿ ಜಂಬಿಟ್ಟಿಗೆ ಹಾಸಿ ಮೇಲೆ ತೆಳು ಗಾರೆ ಮಾಡಿದ ಶೆಡ್ಡುಗಳಲ್ಲಿ ಇದು ಬಹಳ. ಜಂಬಿಟ್ಟಿಗೆ ನೀರು ಹೀರುವ ಕಲ್ಲು.

ಕಡಿಮೆ ಖರ್ಚಿನ ಮದ್ದು ಮೊದಲು. ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಅಡಿಕೆ ದಬ್ಬೆಯ ಅಟ್ಟಣೆಯ ಮೇಲಿಡಿ, ಗೋಡೆಯಿಂದ ಒಂದಡಿ ದೂರ ಇಡಿ. ಆಮೇಲೆ ಹೊರಗೆ ಹೋಗಿ ಸುತ್ತಲಿನ ನೆಲ ನೋಡಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದ್ದರೆ ಅದನ್ನು ಕೆರೆದು ಕನಿಷ್ಠ ನಾಲ್ಕು ಇಂಚು ಕೆಳಗೆ ಮಾಡಿ. ಇಷ್ಟಾದರೂ ತೇವ ನಿಲ್ಲದಿದ್ದರೆ ನೆಲದ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಸಿ, ಅಂಚನ್ನು ಗೋಡೆಗೆ ಮೇಲೆ ಮಡಚಿ, ಮೇಲೆ ಎರಡೂವರೆ ಇಂಚು ಹೊಸ ಕಾಂಕ್ರೀಟ್ ಹಾಕಿಸಬೇಕಾಗುತ್ತದೆ. ಬಾಗಿಲು ಎಷ್ಟು ಮೇಲೆ ಬರಬೇಕು ಅಂತ ಮೊದಲೇ ಅಳೆದುಕೊಳ್ಳಿ.

ಮಳೆ ಬಂದರೆ ನೀರು ಒಳಗೆ ನುಗ್ಗುತ್ತದೆ

ಕೊಡೆ ಹಿಡಿದು ಮಳೆಯಲ್ಲೇ ಹೋಗಿ ನಿಂತು ನೋಡಿ. ಬಿಸಿಲಲ್ಲಿ ಯೋಚಿಸಿ ಕಂಡುಹಿಡಿಯಲು ಆಗದ್ದು ಹತ್ತು ನಿಮಿಷದಲ್ಲಿ ಕಾಣುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. 8ಕ್ಕೆ 10 ಅಡಿ ಮಾಡಿನ ಮೇಲೆ ಒಂದು ದಿನ 100 ಎಂಎಂ ಮಳೆ ಬಿದ್ದರೆ ಸುಮಾರು 740 ಲೀಟರ್ ನೀರು. ಮಲೆನಾಡಿನಲ್ಲಿ ಆಷಾಢದ ಮಳೆಗೆ ಇದು ದೊಡ್ಡ ಮಾತಲ್ಲ. ಮಾಡು ಒಂದೇ ಕಡೆಗೆ ಇಳಿಜಾರಾಗಿದ್ದರೆ ಅಷ್ಟೂ ನೀರು ಒಂದೇ ಅಂಚಿನಲ್ಲಿ, ತಳದ ಬುಡಕ್ಕೇ ಬೀಳುತ್ತದೆ. ಅಲ್ಲಿ ನೆಲ ಗುಳಿ ಬೀಳುತ್ತದೆ, ಗುಳಿಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಅಡಿಯ ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮೂಲೆ ಕುಸಿಯಲು ತಿಪ್ಪೆಗುಂಡಿ ಅರ್ಧ ಕಾರಣ, ಈ ಸೂರಿನ ನೀರು ಇನ್ನರ್ಧ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ ಸೂರಿಗೆ ಕಟ್ಟಿದೆವು. ನೀರನ್ನು ಹತ್ತಡಿ ದೂರ ಬಾಳೆ ಬುಡಕ್ಕೆ ಬಿಟ್ಟೆವು. ಆಮೇಲೆ ಆ ಮೂಲೆ ಒಂದಿಂಚೂ ಇಳಿದಿಲ್ಲ.

ಮೇಲಿನ ಗದ್ದೆ ಅಥವಾ ಗುಡ್ಡದಿಂದ ನೀರು ಹರಿದು ಬರುತ್ತಿದ್ದರೆ ಶೆಡ್ಡಿನ ಮೇಲ್ಗಡೆ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೆಗೆದು ಎರಡೂ ಪಕ್ಕಕ್ಕೆ ತಿರುಗಿಸಿ. ಒಳಗಿನ ನೆಲ ಬಾಗಿಲ ಕಡೆಗೆ ಅಡಿಗೆ ಒಂದು ನೂಲು ಇಳಿಜಾರು ಇದ್ದರೆ ಸಾಕು. ಅಂದರೆ ಹತ್ತು ಅಡಿಗೆ ಒಂದೂಕಾಲು ಇಂಚು.

ಗುಡಿಸಿದಷ್ಟೂ ಧೂಳು

ಮೊಳೆಯಿಂದ ನೆಲ ಗೀರಿ. ಬಿಳಿ ಗೆರೆ ಮಾತ್ರ ಬಿದ್ದರೆ ಕಾಂಕ್ರೀಟ್ ಗಟ್ಟಿ ಇದೆ. ಮೊಳೆ ಆಳಕ್ಕೆ ಇಳಿದು ಮರಳು ಎದ್ದರೆ ಕಲಸುವಾಗ ನೀರು ಜಾಸ್ತಿ ಹಾಕಿದ್ದಾರೆ ಅಥವಾ ಕ್ಯೂರಿಂಗ್ ಮಾಡಿಲ್ಲ, ಅಂದರೆ ಹಾಕಿದ ಮೇಲೆ ದಿನಗಟ್ಟಲೆ ಒದ್ದೆಯಾಗಿ ಇಟ್ಟಿಲ್ಲ. ಮೇಲ್ಮೈ ಮಾತ್ರ ಸಡಿಲವಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು ಒಣಗಿಸಿ, ಫ್ಲೋರ್ ಹಾರ್ಡನರ್ ದ್ರವ ಎರಡು ಸಲ ಬಳಿಯಿರಿ. ಅರ್ಧ ಇಂಚಿಗಿಂತ ಆಳಕ್ಕೂ ಪುಡಿಯಾಗುತ್ತಿದ್ದರೆ ಯಾವ ದ್ರವವೂ ಉಳಿಸುವುದಿಲ್ಲ.

ತಟ್ಟಿದರೆ ಟೊಳ್ಳು ಸದ್ದು, ಪಕ್ಕದಲ್ಲಿ ಬಿಲ

ಹಾರೆಯ ಹಿಂತುದಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಕ್ ಅನ್ನುತ್ತದೆ, ಟೊಳ್ಳಿದ್ದಲ್ಲಿ ಡಬ್ ಅನ್ನುತ್ತದೆ. ಡಬ್ ಅಂದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ. ಅದು ಅಂಚಿನವರೆಗೆ ಬಂದು ಅಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣದ ಕೆಲಸ.

ಬಿಲಕ್ಕೆ ಕೈ ಹಾಕಬೇಡಿ. ಹೆಗ್ಗಣದ ಬಿಲದಲ್ಲಿ ನಾಗರಹಾವು ಇರುವುದು ಹೊಸದೇನಲ್ಲ. ಪೇರಿಸಿಟ್ಟ ಕಲ್ಲು, ಹಂಚಿನ ಸಂದಿಯಲ್ಲಿ ಕೊಳಕುಮಂಡಲವೂ ಚೇಳೂ ಸೇರಿಕೊಳ್ಳುತ್ತವೆ. ಕಲ್ಲು ಎತ್ತುವಾಗ ಹಾರೆಯಿಂದ ನಿಮ್ಮ ಕಡೆಗೇ ಮಗುಚಿ, ಆಚೆ ಕಡೆ ತೆರೆದುಕೊಳ್ಳಲಿ. ಗಮ್ ಬೂಟು, ಕೈಗವಸು ಇರಲಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಅಲ್ಲಾಡದೆ ಇದ್ದು 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ ಹೋಗಿ.

ಬಿಲದ ಬಾಯಿಗೆ ಒಣ ಎಲೆ ಸಡಿಲವಾಗಿ ತುರುಕಿ ಎರಡು ದಿನ ನೋಡಿ. ಎಲೆ ಹಾಗೇ ಇದ್ದರೆ ಬಿಲ ಖಾಲಿ. ಆಗ ಜಲ್ಲಿ ಮತ್ತು ಸಿಮೆಂಟಿನಿಂದ ಮುಚ್ಚಿ. ತಳದ ಸುತ್ತ ಅರ್ಧ ಅಡಿ ಅಗಲ, ಒಂದಡಿ ಆಳ ತೋಡಿ ಜಲ್ಲಿ ತುಂಬಿದರೆ ಮತ್ತೆ ತೋಡುವುದು ಕಷ್ಟ. ಜಲ್ಲಿ ಕುಸಿದು ಬಿಲವನ್ನು ಮುಚ್ಚುತ್ತದೆ.

ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಒಂದಿಂಚು ಒಡೆದು ನೋಡಿ. ಎರಡು ಮೂರು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ಗೂಡು ಜೀವಂತವಾಗಿದೆ. ತಳ ಮಣ್ಣಿಗಿಂತ ನಾಲ್ಕು ಇಂಚು ಎತ್ತರ ಕಾಣುತ್ತಿದ್ದರೆ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ. ಬಾವಿ, ತರಕಾರಿ ಮಡಿ ಹತ್ತಿರವಿದ್ದರೆ ಔಷಧಿಯನ್ನು ನೀವೇ ನೆಲಕ್ಕೆ ಸುರಿಯಬೇಡಿ. ಅದಕ್ಕೆಂದೇ ಇರುವ ಲೈಸೆನ್ಸ್ ಉಳ್ಳವರನ್ನು ಕರೆಸಿ, ಬಾವಿ ಎಲ್ಲಿದೆ ಅಂತ ಮೊದಲೇ ತೋರಿಸಿ.

ಗಾಳಿಗೆ ಶೆಡ್ ಅಲುಗಾಡುತ್ತದೆ

ಭರಣಿ ಮಳೆಯ ಗಾಳಿಗೆ ತಗಡು ಕಿತ್ತು ಹಾರುವುದನ್ನು ಕಂಡವರಿಗೆ ಇದರ ಭಯ ಗೊತ್ತು. ಒಬ್ಬರು ಒಳಗಿನಿಂದ ಕಂಬವನ್ನು ತಳ್ಳಲಿ, ಇನ್ನೊಬ್ಬರು ಬುಡ ನೋಡಲಿ. ಬೇಸ್ ಪ್ಲೇಟ್ ಎದ್ದು ಕೂತರೆ ಬೋಲ್ಟ್ ಸಡಿಲ. ಬೋಲ್ಟಿನ ಸುತ್ತ ಕಾಂಕ್ರೀಟ್ ಒಡೆದಿದ್ದರೆ ಅದನ್ನು ಅಂಚಿಗೆ ತೀರಾ ಹತ್ತಿರ ಹೊಡೆದಿದ್ದಾರೆ. ಅಂಚಿನಿಂದ ಕನಿಷ್ಠ ಮೂರಿಂಚು ಒಳಗೆ ಹೊಸ ತೂತು ಕೊರೆಸಿ.

ಶೆಡ್ ಬ್ಲಾಕಿನ ಮೇಲೆ ಸುಮ್ನೆ ಕೂತಿದ್ದರೆ ಪ್ರತಿ ಕಂಬದ ಪಕ್ಕ ಒಂದಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಆಂಗಲ್ ತುಂಡು ನಿಲ್ಲಿಸಿ ಕಾಂಕ್ರೀಟ್ ತುಂಬಿ ಕಂಬಕ್ಕೆ ಬೋಲ್ಟ್ ಮಾಡಿ. ಒಂದು ಗುಂಡಿಯ ಕಾಂಕ್ರೀಟೇ ಸುಮಾರು 100 ಕೆಜಿ ತೂಗುತ್ತದೆ. ಆರು ಕಂಬಕ್ಕೆ 600 ಕೆಜಿ ಹಿಡಿತ ಸಿಕ್ಕಿತು. ಗುಡುಗು, ಗಾಳಿ ಶುರುವಾದ ಮೇಲೆ ಬಿಗಿಯಲು ಹೋಗಬೇಡಿ. ಆ ಹೊತ್ತಿಗೆ ಶೆಡ್ಡಿನಿಂದ ದೂರ, ಮನೆಯೊಳಗೆ ಇರಿ.

ಕಿತ್ತು ಹೊಸದಾಗಿ ಹಾಕುವುದೇ ಸರಿ ಅಂತಾದಾಗ

ನೆಲ ಮೂರು ನಾಲ್ಕು ತುಂಡಾಗಿ ಒಂದೊಂದು ಒಂದೊಂದು ಮಟ್ಟದಲ್ಲಿದ್ದರೆ, ಅಥವಾ ಆಳಕ್ಕೆ ಪುಡಿಯಾಗುತ್ತಿದ್ದರೆ, ತೇಪೆ ಬೇಡ. ಒಡೆದ ತುಂಡುಗಳನ್ನು ಎಸೆಯಬೇಡಿ. ಮುಷ್ಟಿ ಗಾತ್ರಕ್ಕೆ ಒಡೆದು ಅವನ್ನೇ ಕಾಂಕ್ರೀಟಿನ ಅಡಿಯ ಕಲ್ಲಿನ ಪದರಕ್ಕೆ, ಅಂದರೆ ಸೋಲಿಂಗ್‌ಗೆ ಬಳಸಿ. ಅಲ್ಲಿಗೆ ಒಂದು ಲೋಡ್ ಕಲ್ಲಿನ ಖರ್ಚು ಉಳಿಯಿತು.

8ಕ್ಕೆ 10 ಅಡಿಗೆ ನಾಲ್ಕು ಇಂಚಿನ 1:2:4 ಕಾಂಕ್ರೀಟಿಗೆ ಸಿಮೆಂಟ್ 5 ಮೂಟೆ, ಎಂ-ಸ್ಯಾಂಡ್ 12 ಘನ ಅಡಿ, 20 ಎಂಎಂ ಜಲ್ಲಿ 24 ಘನ ಅಡಿ ಬೇಕು. ಬರೀ ಹಗುರ ಸಾಮಾನು ಇಡುವುದಾದರೆ 1:3:6 ಸಾಕು, ಸಿಮೆಂಟ್ ಮೂರೂವರೆ ಮೂಟೆಗೆ ಮುಗಿಯುತ್ತದೆ. ಒಂದು ಮೂಟೆಗೆ 25ರಿಂದ 28 ಲೀಟರ್ ನೀರು. ಕೆಲಸದವರು ಸುಲಭವಾಗಲಿ ಅಂತ ಇನ್ನೊಂದು ಕೊಡ ಸುರಿಯಲು ಬಂದರೆ ದಯವಿಟ್ಟು ತಡೆಯಿರಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಕಣ್ಣಿಗೆ ಹಾರಿದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಡಾಕ್ಟರ ಹತ್ತಿರ ಹೋಗಿ.

ಮರುದಿನ ಬೆಳಿಗ್ಗೆ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ಒಂದಿಂಚು ನೀರು ನಿಲ್ಲಿಸಿ. ಸಾದಾ ಸಿಮೆಂಟಿಗೆ (ಒಪಿಸಿ) ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಆದರೆ 10 ದಿನ. ಮೂಟೆಯ ಮೇಲೆ ಯಾವುದು ಅಂತ ಬರೆದಿರುತ್ತದೆ. ನಮ್ಮಲ್ಲಿ ಆ ಹತ್ತು ದಿನವೂ ಅಮ್ಮ ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ಎರಡು ಕೊಡ ನೀರು ಹಾಕಿ ಬರುತ್ತಿದ್ದರು. ಹನ್ನೊಂದನೇ ದಿನ ಕಟ್ಟೆ ಒಡೆದು ನೀರು ಬಿಟ್ಟೆವು. ಪೈಪು ಹಿಡಿದು ನಾಲ್ಕೂ ಮೂಲೆ ಮತ್ತೆ ಅಳೆದು, ಆ ಅಳತೆಯನ್ನು ತಾರೀಖಿನ ಜೊತೆ ಬಾಗಿಲ ಒಳಬದಿಗೆ ಬರೆದಿಟ್ಟಿದ್ದೇವೆ.